ಯುದ್ಧದ ಫೋಟೋ ಸಾಕು, ಡಾಕ್ಯುಮೆಂಟರಿ ಮಾಡಲೇ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಫೋಟೋಗ್ರಾಫರ್. ಕಾಶ್ಮೀರದ ಗಡಿ ಹಳ್ಳಿಗಳಲ್ಲಿ ಶೆಲ್ ಬಿದ್ದಾಗ ಪತ್ರಿಕೆಯಿಂದ ಹೋಗಿದ್ದೆ. 2022ರಲ್ಲಿ ರಜೆ ಹಾಕಿ, ಸ್ವಂತ ದುಡ್ಡಲ್ಲಿ ಉಕ್ರೇನ್‌ಗೆ ಹೋಗಿ ಬಂದೆ. 2023ರಲ್ಲಿ ಮಣಿಪುರ. ಅಲ್ಲಿನ ಶಿಬಿರಗಳ ಫೋಟೋಗಳನ್ನು ಆಮೇಲೆ ಒಂದು ಸಂಸ್ಥೆಗೂ ದುಡ್ಡಿಗೆ ತೆಗೆದುಕೊಟ್ಟೆ. ಈಗ ಸಾಕು ಅನಿಸಿದೆ. ಒಂದು ಫೋಟೋ ಹಾಕುತ್ತಾರೆ, ಮಾರನೇ ದಿನ ಮರೆಯುತ್ತಾರೆ. ಕೆಲಸ ಬಿಟ್ಟು ಡಾಕ್ಯುಮೆಂಟರಿಗೆ ಇಳಿಯೋಣ ಅಂತಿದ್ದೇನೆ. ಹಾರ್ಡ್ ಡಿಸ್ಕ್ ತುಂಬಾ ಫೋಟೋ ಇವೆ, ಅವನ್ನು ಬಳಸಬಹುದಾ? ಹೆಂಡತಿಗೂ ಕೆಲಸ ಇದೆ, ಆದರೆ ಕೆಂಗೇರಿ ಮನೆಯ ಸಾಲ ಇದೆ, ಮಗಳು ಐದನೇ ಕ್ಲಾಸು. ‘ಡಾಕ್ಯುಮೆಂಟರಿಗೆ ಯಾರಪ್ಪಾ ದುಡ್ಡು ಕೊಡ್ತಾರೆ’ ಅಂತ ಜೊತೆಯವರು ನಗುತ್ತಾರೆ. ಸಿನಿಮಾ ಕ್ಯಾಮೆರಾ ಕೊಳ್ಳಲೇ? ಇನ್ನೊಂದು, ಇಲ್ಲಿ ಕೇಳುವ ವಿಷಯ ಹೌದೋ ಅಲ್ವೋ ಗೊತ್ತಿಲ್ಲ. ಮಣಿಪುರದಿಂದ ಬಂದ ಮೇಲೆ ನಿದ್ದೆ ಸರಿ ಇಲ್ಲ. ದೀಪಾವಳಿಗೆ ಊರು ಬಿಟ್ಟು ಎಲ್ಲಾದರೂ ಹೋಗಿಬಿಡುತ್ತೇನೆ. ಕೆಲಸ ಬದಲಾದರೆ ಅದೂ ಸರಿಹೋಗುತ್ತೆ ಅಂದುಕೊಂಡಿದ್ದೇನೆ.
- ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕೊನೆಯಲ್ಲಿ ಹಿಂಜರಿಯುತ್ತಾ ಸೇರಿಸಿದ ಮಾತಿನಿಂದಲೇ ಶುರು ಮಾಡುತ್ತೇನೆ. ನಾನು ಡಾಕ್ಟರಲ್ಲ, ಡಾಕ್ಯುಮೆಂಟರಿ ಎಡಿಟರ್. ಬಸವನಗುಡಿಯ ಸಣ್ಣ ಎಡಿಟ್ ರೂಮಿನಲ್ಲಿ ಕೂತು, ನಿಮ್ಮಂತೆ ಸುದ್ದಿ ಫೋಟೋದಿಂದ ಈ ಕಡೆ ಬಂದವರ ಫೂಟೇಜ್ ಜೋಡಿಸುವುದು ನನ್ನ ಕೆಲಸದ ದೊಡ್ಡ ಭಾಗ. ಅಲ್ಲಿ ಕಂಡದ್ದನ್ನು ಇಟ್ಟುಕೊಂಡು ಹೇಳುತ್ತೇನೆ: ಫೋಟೋ ಬಿಟ್ಟು ವಿಡಿಯೋ ಹಿಡಿದ ಮಾತ್ರಕ್ಕೆ ನಿದ್ದೆ ಸರಿಹೋಗುವುದಿಲ್ಲ. ಇನ್ನೂ ಕೆಡಬಹುದು.

ಫೋಟೋ ತೆಗೆದಾಗ ನೀವು ಆ ದೃಶ್ಯ ನೋಡಿದ್ದು ಒಂದು ಸಲ. ಸಂಜೆ ನಾಲ್ಕಾರು ಆರಿಸಿ, ಕ್ಯಾಪ್ಷನ್ ಬರೆದು ಡೆಸ್ಕ್‌ಗೆ ಕಳಿಸಿದಿರಿ, ಮುಗಿಯಿತು. ಡಾಕ್ಯುಮೆಂಟರಿಯಲ್ಲಿ ಅದೇ ದೃಶ್ಯವನ್ನು ಲಾಗ್ ಮಾಡುವಾಗ, ಅಂದರೆ ಯಾವ ಕ್ಲಿಪ್‌ನಲ್ಲಿ ಏನಿದೆ ಅಂತ ಪಟ್ಟಿ ಮಾಡುವಾಗ ನೋಡಬೇಕು, ಮಾತು ಬರೆದುಕೊಳ್ಳುವಾಗ ನೋಡಬೇಕು, ಕತ್ತರಿಸುವಾಗ, ಸಬ್‌ಟೈಟಲ್ ಹಾಕುವಾಗ, ಬಣ್ಣ ಸರಿ ಮಾಡುವಾಗ, ಸೌಂಡ್ ಮಿಕ್ಸ್‌ನಲ್ಲಿ ಮತ್ತೆ ಮತ್ತೆ ನೋಡಬೇಕು. ತಿಂಗಳುಗಟ್ಟಲೆ ಅದು ಕಣ್ಣ ಮುಂದೆ ಓಡುತ್ತಿರುತ್ತದೆ. ಚಿತ್ರಕ್ಕಿಂತ ಶಬ್ದ ಜಾಸ್ತಿ ಕಾಡುತ್ತದೆ. ನಮ್ಮಲ್ಲಿ ಅಂಥ ಕ್ಲಿಪ್‌ಗಳಿಗೆ ಕೆಂಪು ಗುರುತು ಹಾಕಿ ಬೇರೆ ಫೋಲ್ಡರ್‌ನಲ್ಲಿ ಇಡುತ್ತೇವೆ. ಮೊದಲ ಸಲ ನೋಡುವಾಗ ಆಡಿಯೋ ಬಂದ್, ಪರದೆಯ ಮೇಲೆ ಕಿಟಕಿಯೂ ಸಣ್ಣದು. ರಾತ್ರಿ ಊಟ ಆದ ಮೇಲೆ ಯಾರೂ ಆ ಫೋಲ್ಡರ್ ತೆರೆಯುವಂತಿಲ್ಲ. ಇವೆಲ್ಲ ನಾಜೂಕಿನವರ ವೇಷ ಅಂತ ನಗುವವರಿದ್ದಾರೆ. ನಗಲಿ ಬಿಡಿ.

ಟೊರಾಂಟೊದ ಮನೋವೈದ್ಯ ಆಂಥೊನಿ ಫೈನ್‌ಸ್ಟೀನ್ 2002ರಲ್ಲಿ 140 ಯುದ್ಧ ಪತ್ರಕರ್ತರ ಅಧ್ಯಯನ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ಸುಮಾರು 28 ಮಂದಿಗೆ ಬದುಕಿನ ಯಾವುದೋ ಹಂತದಲ್ಲಿ ಪಿಟಿಎಸ್‌ಡಿ ಬಂದಿತ್ತು, ಅಂದರೆ ಆಘಾತ ಮುಗಿದ ಮೇಲೂ ಮನಸ್ಸಿನಲ್ಲಿ ಉಳಿದುಬಿಡುವ ತೊಂದರೆ. ನಿಮಗೂ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ಹೇಳಲು ನನಗೆ ಬರುವುದೂ ಇಲ್ಲ. ಪಟಾಕಿಗೆ ಹೆದರಿ ಊರು ಬಿಡುವಷ್ಟಾಗಿದ್ದರೆ ತಿಳಿದವರೊಬ್ಬರು ನೋಡಲಿ ಅಷ್ಟೇ. ನಿಮ್ಹಾನ್ಸ್ ಇರುವ ಊರಿನಲ್ಲೇ ಇದ್ದೀರಿ. ಹೊಸೂರು ರಸ್ತೆಯ ಆಸ್ಪತ್ರೆಗೆ ಹೋಗಲು ಮುಜುಗರವಾದರೆ ಬಿಟಿಎಂ ಲೇಔಟ್‌ನಲ್ಲಿ ಅವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಣಿಪುರದ ಡಿಸ್ಕ್ ತೆರೆಯುವ ಮುಂಚೆ ಈ ಕೆಲಸ ಆಗಲಿ.

ಈಗ ವೃತ್ತಿಯ ಮಾತು. ಫ್ರೇಮ್ ಗೊತ್ತು, ಬೆಳಕು ಗೊತ್ತು, ಇನ್ನೇನು ಬೇಕು ಅನ್ನುವ ನಂಬಿಕೆ ಫೋಟೋದವರಲ್ಲಿ ಗಟ್ಟಿಯಾಗಿದೆ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದು ಸ್ಟಿಲ್ ಕ್ಯಾಮೆರಾದಲ್ಲೇ ಫುಲ್ ಎಚ್‌ಡಿ ವಿಡಿಯೋ ಸಿಕ್ಕ ಮೇಲಂತೂ ಕೇಳುವುದೇ ಬೇಡ. ಅರ್ಧ ನಿಜ ಅದು. ನನ್ನ ಟೇಬಲ್‌ಗೆ ಬರುವ ಫೋಟೋಗ್ರಾಫರ್‌ಗಳ ಮೊದಲ ಫೂಟೇಜ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಒಂದೊಂದು ಶಾಟೂ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಬಹುದು, ಅಷ್ಟು ಚೆಂದ. ಆದರೆ ನಾಲ್ಕೇ ಸೆಕೆಂಡಿಗೆ ಮುಗಿದುಹೋಗುತ್ತದೆ. ಅಜ್ಜಿ ಬಾಗಿಲು ತೆರೆಯುವುದು ಇದೆ, ಒಳಗೆ ಹೋಗಿ ಕೂರುವುದು ಇಲ್ಲ. ಮಾತಿನ ಮಧ್ಯೆ ಕಟ್ ಆಗಿದೆ, ಯಾಕೆಂದರೆ ಇನ್ನೊಂದು ಮೂಲೆಯಲ್ಲಿ ಒಳ್ಳೆ ಬೆಳಕು ಕಂಡಿತು. ಎಷ್ಟೋ ಶಾಟ್‌ಗಳಲ್ಲಿ ಕ್ಯಾಮೆರಾ ಉದ್ದಕ್ಕೆ ತಿರುಗಿರುತ್ತದೆ. ಶಬ್ದ ಕ್ಯಾಮೆರಾದ ಸ್ವಂತ ಮೈಕಿನದು: ಗಾಳಿ, ಜನರೇಟರ್, ಫೋಟೋಗ್ರಾಫರ್ ಉಸಿರು.

ಸುದ್ದಿ ಫೋಟೋ ನಿಮಗೆ ಕಲಿಸಿರುವುದು ಗಳಿಗೆ ಹಿಡಿದು ಹೊರಡುವುದನ್ನು. ಇಲ್ಲಿ ಬೇಕಾದದ್ದು ಆ ಗಳಿಗೆ ಮುಗಿದ ಮೇಲೂ ಅಲ್ಲೇ ಇರುವುದು. ಅಳುತ್ತಿದ್ದವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಟೀ ಕುಡೀತೀರಾ’ ಅಂತ ಕೇಳುತ್ತಾರಲ್ಲ, ನನಗೆ ಬೇಕಾದ ಸೀನ್ ಅದು. ಫೋಟೋಗ್ರಾಫರ್ ಅಷ್ಟೊತ್ತಿಗೆ ಲೆನ್ಸ್ ಕ್ಯಾಪ್ ಹಾಕಿರುತ್ತಾರೆ. ಎಪಿ ಸುದ್ದಿಸಂಸ್ಥೆಯ ಮಿಸ್ತಿಸ್ಲಾವ್ ಚೆರ್ನೋವ್ 2022ರಲ್ಲಿ ಉಕ್ರೇನ್‌ನ ಮರಿಯುಪೋಲ್ ನಗರದ ಮುತ್ತಿಗೆಯ ಒಳಗಿನಿಂದ ಸುಮಾರು 30 ಗಂಟೆಯ ಫೂಟೇಜ್ ಹೊರತಂದರು. ಅಲ್ಲಿದ್ದಾಗ ಇಂಟರ್‌ನೆಟ್ ಸಿಕ್ಕಾಗೆಲ್ಲ ಕಳಿಸಲು ಆದದ್ದು ಸಣ್ಣ ಸಣ್ಣ ತುಣುಕು. ಟಿವಿಯಲ್ಲಿ ಜಗತ್ತು ನೋಡಿದ್ದು ಅದರಲ್ಲೂ ಕೆಲವು ಸೆಕೆಂಡು. ಸುದ್ದಿಗೆ ಬೇಡವಾದ ಆ ಹಿಂದುಮುಂದಿನ ಭಾಗ ಸೇರಿದ್ದರಿಂದಲೇ ಸಿನಿಮಾ ಆಯಿತು. 2024ರಲ್ಲಿ ಆಸ್ಕರ್ ಬಂತು.

ಕೈ ಅಭ್ಯಾಸದ ವಿಷಯವನ್ನೂ ಹೇಳಿಬಿಡುತ್ತೇನೆ, ಇದು ಬೇಗ ಕಲಿಯುವಂಥದ್ದು. ನಿಮ್ಮ ಬೆರಳು ತಾನಾಗಿ ಸೆಕೆಂಡಿನ 1/500 ಭಾಗದ ಶಟರ್‌ಗೆ ಹೋಗುತ್ತದೆ. ವಿಡಿಯೋದಲ್ಲಿ ಹಾಗೆ ಮಾಡಿದರೆ ಜನ ತಡವರಿಸಿಕೊಂಡು ನಡೆದಂತೆ ಕಾಣುತ್ತಾರೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ 1/50 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಮಿಣುಕುವ ಕಾಟವೂ ತಪ್ಪುತ್ತದೆ. ಬಿಸಿಲಲ್ಲಿ ಇದಕ್ಕೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಏನೂ ಆಗುತ್ತಿಲ್ಲ ಅನಿಸಿದ ಮೇಲೂ ಶಾಟ್ ಓಡಲಿ. ಒಂದು ಮನೆಯಿಂದ ಹೊರಡುವ ಮುಂಚೆ ಎಲ್ಲರೂ ಸುಮ್ಮನೆ ಕೂತು ಒಂದು ನಿಮಿಷ ಆ ಕೋಣೆಯ ಬರೀ ಶಬ್ದ ರೆಕಾರ್ಡ್ ಮಾಡಿ. ಅದಿಲ್ಲದೆ ಮಾತಿನ ಮಧ್ಯೆ ಕತ್ತರಿಸಿದ ಜಾಗಗಳನ್ನು ಮುಚ್ಚಲು ನನ್ನಂಥವರು ಪಡುವ ಪಾಡು ಯಾರಿಗೂ ಬೇಡ.

ಡಾಕ್ಯುಮೆಂಟರಿ ಅಂದರೆ ಅಪಾಯ ಕಡಿಮೆ ಅನ್ನುವುದು ಇನ್ನೊಂದು ತಪ್ಪು ಲೆಕ್ಕ. ಬ್ರಿಟಿಷ್ ಫೋಟೋಗ್ರಾಫರ್ ಟಿಮ್ ಹೆದರಿಂಗ್ಟನ್ ಅಫ್ಘಾನಿಸ್ತಾನದ ಕೊರೆಂಗಲ್ ಕಣಿವೆಯಲ್ಲಿ ಅಮೆರಿಕದ ಸೈನಿಕ ತುಕಡಿಯೊಂದರ ಜೊತೆ ಉಳಿದು, ಸೆಬಾಸ್ಟಿಯನ್ ಯುಂಗರ್ ಜೊತೆ ಸೇರಿ ಸಿನಿಮಾ ಮಾಡಿದರು. 2010ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ, ಮರುವರ್ಷ ಆಸ್ಕರ್ ನಾಮನಿರ್ದೇಶನ. ಆ ಸಮಾರಂಭ ಆಗಿ ಎರಡು ತಿಂಗಳೂ ಕಳೆದಿರಲಿಲ್ಲ, 2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಮಾರ್ಟರ್ ಚೂರು ತಗುಲಿ, ಆಸ್ಪತ್ರೆ ದಾರಿಯಲ್ಲಿ ರಕ್ತ ಹರಿದು ಸತ್ತರು. ಅದಾದ ಮೇಲೆ ಯುಂಗರ್, ಯಾವ ಸಂಸ್ಥೆಯ ಬೆಂಬಲವೂ ಇಲ್ಲದೆ ಹೋಗುವ ಸ್ವತಂತ್ರ ಪತ್ರಕರ್ತರಿಗೆ ಪ್ರಥಮ ಚಿಕಿತ್ಸೆ ಕಲಿಸುವ ಸಂಸ್ಥೆಯನ್ನೇ ಕಟ್ಟಿದರು. ರಕ್ತ ನಿಲ್ಲಿಸಲು ಟೂರ್ನಿಕೆ ಕಟ್ಟುವುದು ನಿಮಗೆ ಬರುತ್ತದಾ? ಉಕ್ರೇನ್‌ಗೆ ಹೋದಾಗ ಇದ್ದ ವಿಮೆಯ ಷರತ್ತು ಓದಿದ್ದಿರಾ? ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಯುದ್ಧದಿಂದಾದ ಗಾಯಕ್ಕೆ ಪರಿಹಾರ ಇರುವುದಿಲ್ಲ. ಮನೆ ಸಾಲ ಇರುವವರು ಈ ಸಾಲು ಓದಲೇಬೇಕು.

ನಿಮ್ಮದಲ್ಲದ ಅಪಾಯವೂ ಒಂದಿದೆ. ಫೋಟೋಕ್ಕೆ ಒಂದು ಮನೆಗೆ ಒಂದು ಸಲ ಹೋಗುತ್ತೀರಿ. ಡಾಕ್ಯುಮೆಂಟರಿಗೆ ಅದೇ ಮನೆಗೆ ಹತ್ತು ಸಲ ಹೋಗಬೇಕು. ಅಷ್ಟರಲ್ಲಿ ಅವರು ಕ್ಯಾಮೆರಾದವರ ಜೊತೆ ಮಾತಾಡುತ್ತಾರೆ ಅಂತ ಊರಿಗೆಲ್ಲ ಗೊತ್ತಾಗಿರುತ್ತದೆ. ಅದರಿಂದ ಅವರಿಗೆ ಏನಾಗಬಹುದು ಅನ್ನುವುದನ್ನು ಅವರ ಜೊತೆಯೇ ಕೂತು ಮಾತಾಡಬೇಕು, ಒಂದು ಸಲ ಅಲ್ಲ, ಪ್ರತಿ ಸಲ. ಮೊದಲ ದಿನ ಹಾಕಿಸಿಕೊಂಡ ಸಹಿ ಕೊನೆತನಕ ಸಾಲುವುದಿಲ್ಲ.

ಹಾರ್ಡ್ ಡಿಸ್ಕ್ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಆಸೆ ಹುಟ್ಟಿಸಿದ್ದು ಅದೇ. ಸೂಸನ್ ಮೈಸೆಲಸ್ ಅನ್ನುವ ಅಮೆರಿಕದ ಫೋಟೋಗ್ರಾಫರ್ 1978-79ರಲ್ಲಿ ನಿಕರಾಗುವಾದ ದಂಗೆಯ ಫೋಟೋ ತೆಗೆದು ಹೆಸರಾದವರು. ಹತ್ತು ವರ್ಷದ ಮೇಲೆ ಅದೇ ಫೋಟೋಗಳನ್ನು ಹಿಡಿದುಕೊಂಡು ಮತ್ತೆ ಹೋದರು. ಅದರಲ್ಲಿದ್ದವರನ್ನು ಹುಡುಕಿದರು. ಬದುಕಿದ್ದವರನ್ನು ಮಾತಾಡಿಸಿದರು. ಇಬ್ಬರು ಜೊತೆಗಾರರ ಜೊತೆ ಮಾಡಿದ ಆ ಸಿನಿಮಾ 1991ರಲ್ಲಿ ಬಂತು. ‘ಮಾರನೇ ದಿನ ಮರೆಯುತ್ತಾರೆ’ ಅಂತ ಬರೆದಿದ್ದೀರಲ್ಲ, ಫೋಟೋದಲ್ಲಿದ್ದವರು ಮರೆತಿರುವುದಿಲ್ಲ. ನಿಮ್ಮ ಫೋಟೋ ಅವರ ಕೈಗೆ ಕೊಟ್ಟು, ಕ್ಯಾಮೆರಾ ಓಡಿಸಿ, ಬಾಯಿ ಮುಚ್ಚಿ ಕೂತರೆ ಅರ್ಧ ಸಿನಿಮಾ ಅಲ್ಲೇ ಇದೆ. ಕೆಲವರು ಬೈಯಬಹುದು. ಅದೂ ಸಿನಿಮಾದಲ್ಲಿ ಇರಲಿ.

ಬಳಸುವ ಹಕ್ಕು ಯಾರದು ಅನ್ನುವುದಕ್ಕೆ ನಿಮ್ಮ ಮೂರು ಕೆಲಸಗಳಿಗೆ ಮೂರು ಉತ್ತರ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಯ ನೌಕರರಾಗಿ ಪತ್ರಿಕೆಗೆಂದು ತೆಗೆದ ಫೋಟೋಗಳನ್ನು ಪತ್ರಿಕೆ, ನಿಯತಕಾಲಿಕಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು, ಉಳಿದ ಹಕ್ಕು ತೆಗೆದವರದು. ಸಿನಿಮಾ ಆ ‘ಉಳಿದ’ದ್ದರಲ್ಲಿ ಬರುತ್ತದೆ. ಆದರೆ ಈಗಿನ ನೇಮಕಾತಿ ಪತ್ರಗಳಲ್ಲಿ ‘ಎಲ್ಲ ಹಕ್ಕೂ ಸಂಸ್ಥೆಯದು’ ಅನ್ನುವ ಸಾಲು ಸಾಮಾನ್ಯ. ನಿಮ್ಮದನ್ನು ಹುಡುಕಿ ಓದಿ. ಸಂಸ್ಥೆಯೊಂದು ದುಡ್ಡು ಕೊಟ್ಟು ತೆಗೆಸಿದ ಶಿಬಿರದ ಫೋಟೋಗಳು, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಆ ಸಂಸ್ಥೆಯವು. ರಜೆ ಹಾಕಿ ತೆಗೆದ ಉಕ್ರೇನ್ ಫೋಟೋಗಳು ನಿಮ್ಮವೇ, ನೇಮಕಾತಿ ಪತ್ರ ಅಡ್ಡ ಬರದಿದ್ದರೆ. ಕೆಲಸ ಬಿಡುವ ಮುಂಚೆಯೇ, ಸಂಬಂಧ ಚೆನ್ನಾಗಿರುವಾಗಲೇ, ಸಂಪಾದಕರಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಬಿಟ್ಟ ಮೇಲೆ ಕೇಳಿದರೆ ಕಡತ ಯಾವ ಮೇಜಿನ ಮೇಲೆ ಮಲಗುತ್ತದೋ ಹೇಳಲಾಗುವುದಿಲ್ಲ. ಮಣಿಪುರದ ಡಿಸ್ಕ್‌ನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಮುಖ, ಮನೆ, ಮನೆಯವರು ಇದ್ದರೆ ಅದನ್ನು ಬೇರೆ ತೆಗೆದಿಡಿ. ಅವರ ಗುರುತು ಹೊರಬರುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಅಡಿ ಅಪರಾಧ, ಮಕ್ಕಳ ವಿಷಯಕ್ಕೆ ಪೋಕ್ಸೋ ಕಾಯ್ದೆ ಬೇರೆ ಇದೆ. ಸಿನಿಮಾ ಅಂತ ಕಾನೂನು ಸಡಿಲ ಆಗುವುದಿಲ್ಲ.

ಇನ್ನು ದುಡ್ಡು. ನಿಮ್ಮ ಜೊತೆಯವರು ನಗುವುದರಲ್ಲಿ ಪೂರ್ತಿ ತಪ್ಪಿಲ್ಲ. ಗಾಂಧಿನಗರದ ಲೆಕ್ಕದಲ್ಲಿ ಡಾಕ್ಯುಮೆಂಟರಿ ಸಿನಿಮಾವೇ ಅಲ್ಲ. ಥಿಯೇಟರ್ ಇಲ್ಲ, ಸ್ಯಾಟಲೈಟ್ ರೈಟ್ಸ್ ಇಲ್ಲ. ಒಟಿಟಿಯವರಿಗೆ ಬೇಕಾದದ್ದು ಕೊಲೆ ಕೇಸು, ಕ್ರಿಕೆಟ್ಟು, ತಾರೆಯರ ಮದುವೆ. ಉಳಿಯುವುದು ಅನುದಾನ. ಬೆಂಗಳೂರಿನಲ್ಲೇ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಇದೆ. ಕೋಲ್ಕತ್ತದ ಡಾಕ್‌ಎಜ್‌ನಲ್ಲಿ ನಿಮ್ಮ ಯೋಜನೆಯನ್ನು ಹಲವು ದೇಶದ ನಿರ್ಮಾಪಕರ ಮುಂದೆ ಇಡಬಹುದು. ಆಮ್‌ಸ್ಟರ್‌ಡ್ಯಾಮ್‌ನ ಡಾಕ್ಯುಮೆಂಟರಿ ಚಿತ್ರೋತ್ಸವದ ಇಡ್ಫಾ ಬರ್ತಾ ಫಂಡ್‌ನಂಥವು ನಮ್ಮ ಕಡೆಯ ದೇಶಗಳ ಸಿನಿಮಾಗಳಿಗೆಂದೇ ಇವೆ. ಎಲ್ಲ ಕಡೆಯೂ ಸಾಲು ಉದ್ದ, ದುಡ್ಡು ಕಂತಿನಲ್ಲಿ, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇದರಿಂದ ಸಿನಿಮಾ ಮುಗಿಯಬಹುದು, ಮನೆ ಕಂತು ಕಟ್ಟಲು ಆಗುವುದಿಲ್ಲ.

ಯಾರೂ ಮುಂಚೆ ಹೇಳದ ಒಂದು ತೊಡಕನ್ನು ಇಲ್ಲೇ ಹೇಳುತ್ತೇನೆ. ವಿದೇಶಿ ದೇಣಿಗೆ ನಿಯಂತ್ರಣದ 2010ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪತ್ರಿಕೆಯ ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು, ಸಂಪಾದಕರು ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಫೋಟೋಗ್ರಾಫರ್ ಅನ್ನುವ ಪದ ಆ ಪಟ್ಟಿಯಲ್ಲಿಲ್ಲ ಅಂತ ಧೈರ್ಯ ಮಾಡಬೇಡಿ. ಸಹ-ನಿರ್ಮಾಣದ ಒಪ್ಪಂದದ ಹಣ ಬೇರೆ, ದೇಣಿಗೆ ಬೇರೆ. ಯಾವುದು ಯಾವುದು ಅನ್ನುವುದನ್ನು ಈ ಕ್ಷೇತ್ರ ಗೊತ್ತಿರುವ ಸಿಎ ಹತ್ತಿರ ಕೇಳಿ, ಅರ್ಜಿ ಹಾಕುವ ಮುಂಚೆ.

ಹಾಗಾದರೆ ಈ ದಾರಿಯಲ್ಲಿರುವವರು ಊಟ ಹೇಗೆ ಮಾಡುತ್ತಾರೆ? ಐಟಿ ಕಂಪನಿಗಳ ಕಾರ್ಪೊರೇಟ್ ವಿಡಿಯೋ, ಎನ್‌ಜಿಒಗಳ ಸಣ್ಣ ಚಿತ್ರ, ಮುಹೂರ್ತದ ಸೀಸನ್‌ನಲ್ಲಿ ಮದುವೆ. ಇದರಲ್ಲಿ ಅವಮಾನ ಏನಿಲ್ಲ. ನನ್ನ ರೂಮಿನ ಬಾಡಿಗೆಯನ್ನೂ ಎಷ್ಟೋ ತಿಂಗಳು ಕಲ್ಯಾಣ ಮಂಟಪಗಳೇ ಕಟ್ಟಿವೆ. ಪತ್ರಿಕೆಯ ವಿಡಿಯೋ ವಿಭಾಗಕ್ಕೆ ಬದಲಾಗುವುದು ಇನ್ನೊಂದು ದಾರಿ. ಸಂಬಳ ನಿಲ್ಲುವುದಿಲ್ಲ, ಎಡಿಟಿಂಗ್ ಕಲಿಯುತ್ತೀರಿ. ಆದರೆ ಅಲ್ಲೂ ಮೂರು ನಿಮಿಷದ ತುಣುಕು, ಸಂಜೆಯೊಳಗೆ ಅಪ್‌ಲೋಡ್. ಹೊರಡುವ ಅಭ್ಯಾಸ ಬಿಡಿಸಿಕೊಳ್ಳಲು ಬಂದವರಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ.

ನನ್ನನ್ನು ಕೇಳಿದರೆ, ಈಗಲೇ ರಾಜೀನಾಮೆ ಬೇಡ. ಮೊದಲ ಸಿನಿಮಾವನ್ನು ವಾರದ ರಜೆಗಳಲ್ಲಿ, ಈ ಊರಿನಲ್ಲೇ ಶುರು ಮಾಡಿ. ಯುದ್ಧ ಬಿಟ್ಟವರು ಯುದ್ಧಭೂಮಿಯಲ್ಲೇ ಸಿನಿಮಾ ಮಾಡಬೇಕು ಅಂತೇನಿಲ್ಲ. ಫ್ರಾನ್ಸಿನ ರೇಮಂಡ್ ದಪಾರ್ದೋ ಗಾಮಾ ಫೋಟೋ ಏಜೆನ್ಸಿ ಕಟ್ಟಿದವರಲ್ಲಿ ಒಬ್ಬರು, ಆಫ್ರಿಕಾದ ಚಾಡ್‌ನಲ್ಲಿ ಬಂಡುಕೋರರ ಜೊತೆ ಅಲೆದವರು. ಆಮೇಲೆ ಅವರ ಕ್ಯಾಮೆರಾ ಕೂತದ್ದು ಪ್ಯಾರಿಸ್‌ನ ಪೊಲೀಸ್ ಠಾಣೆಯಲ್ಲಿ, ಕೋರ್ಟಿನಲ್ಲಿ, ಮಾನಸಿಕ ಆಸ್ಪತ್ರೆಯಲ್ಲಿ, ವಯಸ್ಸಾದ ರೈತರ ಅಡುಗೆಮನೆಯಲ್ಲಿ.

ಬೆಂಗಳೂರಿನಲ್ಲಿ ಮಣಿಪುರದವರು ಎಷ್ಟೊಂದು ಜನ ಇದ್ದಾರೆ! ಸಲೂನ್‌ನಲ್ಲಿ, ಹೋಟೆಲ್‌ನಲ್ಲಿ, ನರ್ಸಿಂಗ್ ಹೋಮ್‌ನಲ್ಲಿ ಕೆಲಸಕ್ಕಿದ್ದಾರೆ, ಕಾಲೇಜಿನಲ್ಲಿ ಓದುತ್ತಿದ್ದಾರೆ. ಇದೇ ಊರು 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ದನ್ನೂ ನೋಡಿದೆ. 2023ರ ಮಣಿಪುರ ಗಲಭೆಯಾದ ಮೇಲೆ ಅಲ್ಲಿ ಎದುರಾಬದುರಾದ ಮೈತೇಯಿ, ಕುಕಿ ಎರಡೂ ಕಡೆಯವರು ಇಲ್ಲಿ ಒಂದೇ ಬಸ್ಸಿನಲ್ಲಿ ಓಡಾಡುತ್ತಾರೆ. ಊರಿನ ಮನೆ ಸುಟ್ಟ ಸುದ್ದಿಯನ್ನು ಫೋನಿನಲ್ಲಿ ಕೇಳಿಸಿಕೊಂಡು ಬೆಳಗ್ಗೆ ಶಿಫ್ಟಿಗೆ ಹೋದವರ ಕಥೆ ಯಾರು ಮಾಡಿದ್ದಾರೆ? ನಿಮ್ಮ ಹತ್ತಿರ ಅವರ ಊರಿನ ಫೋಟೋಗಳಿವೆ. ರಾತ್ರಿ ಕೆಂಗೇರಿ ಮನೆಗೆ ಹೋಗಿ ಮಲಗಬಹುದು. ಇಲ್ಲಿ ಮಾತಾಡಿದವರ ಬಂಧುಗಳು ಅಲ್ಲಿ ಇದ್ದಾರೆ ಅನ್ನುವುದನ್ನು ಮಾತ್ರ ಒಂದು ದಿನವೂ ಮರೆಯುವಂತಿಲ್ಲ.

20 ನಿಮಿಷದ ರಫ್ ಕಟ್, ಅಂದರೆ ಮೊದಲ ಕಚ್ಚಾ ಜೋಡಣೆ ಆದರೆ ಬನಶಂಕರಿಯ ಸುಚಿತ್ರ ಫಿಲ್ಮ್ ಸೊಸೈಟಿಯಂಥ ಕಡೆ, ಪರಿಚಯದವರಲ್ಲದ ಹತ್ತು ಜನಕ್ಕೆ ತೋರಿಸಿ. ಅನುದಾನದವರು ಕೇಳುವುದೂ ಅದನ್ನೇ, ನಿಮ್ಮ ಹಳೇ ಪ್ರಶಸ್ತಿ ಪತ್ರಗಳನ್ನಲ್ಲ. ಒಂದು ಅನುದಾನ ಕೈಗೆ ಬಂದು, ಬ್ಯಾಂಕಿನಲ್ಲಿ ಒಂದು ವರ್ಷದ ಮನೆ ಕಂತು ಕೂಡಿದ್ದು, ನಿದ್ದೆ ಬರುತ್ತಿದ್ದರೆ ಆಗ ರಾಜೀನಾಮೆ ಮಾತಾಡೋಣ. ನಿದ್ದೆಯೊಂದು ಬಾರದೆ ಉಳಿದೆರಡೂ ಇದ್ದರೂ ಬೇಡ ಅನ್ನುತ್ತೇನೆ.

ಕ್ಯಾಮೆರಾ ಕೊಳ್ಳಬೇಡಿ. ಈಗಿರುವ ಮಿರರ್‌ಲೆಸ್ 4ಕೆ ತೆಗೆದರೆ ಸಾಕು, ದೊಡ್ಡದು ಬೇಕಾದ ದಿನ ಬಾಡಿಗೆಗೆ ಸಿಗುತ್ತದೆ. ಆ ದುಡ್ಡಲ್ಲಿ ಕಾಲರ್ ಮೈಕ್ ಒಂದು ಜೊತೆ, ಒಂದು ಶಾಟ್‌ಗನ್ ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತೆಗೆದುಕೊಳ್ಳಿ. ಉಳಿದದ್ದು ಡಿಸ್ಕ್‌ಗೆ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ 4ಕೆ ತೆಗೆದರೆ ಗಂಟೆಗೆ 45 ಜಿಬಿ ಆಗುತ್ತದೆ. 100 ಗಂಟೆಗೆ 4.5 ಟಿಬಿ, ಮೂರು ಪ್ರತಿ ಅಂದರೆ 13.5 ಟಿಬಿ. ಮೂರೂ ಒಂದೇ ಮನೆಯಲ್ಲಿ ಬೇಡ, ಒಂದು ಪ್ರತಿ ತಮ್ಮನ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಇರಲಿ.